ಪಿಳಿಯ ಕಣ್ಣು

ಮನೆ, ಮುಂದಿನ ಕೋಣೆ
ಭಾನುವಾರ ಬೆಳಿಗ್ಗೆ, ಮಾರ್ಚ್ ೯

ಪ್ರೀತಿಯ ಪಿಳಿ,

ಹೇಗಿದ್ದೀಯ? ಹೋದ ಸಲ ಮಾತಾಡಿದಾಗ ಕೆಮ್ಮುತ್ತಿದ್ದೆ. ನಾಟಕದವರ ಮುಖಗಳಿಗೆಲ್ಲ ಬಣ್ಣ ಹಚ್ಚುತ್ತ ಇಡೀ ದಿನ ಪೌಡರಿನ ಮೋಡದೊಳಗೇ ಇರುತ್ತೀಯ, ಮೂಗಿಗೊಂದು ಬಟ್ಟೆ ಕಟ್ಟಿಕೋ ಎಂದರೆ ಕೇಳುವವಳಲ್ಲ. ಬಸ್ಸಿನಲ್ಲಿ ಕಿಟಕಿ ತೆರೆದುಕೊಂಡು ಮಲಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇದನ್ನೆಲ್ಲ ಬರೆಯುವಾಗ ನೀನು ತುಟಿ ಓರೆ ಮಾಡುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮಾಡು, ಪರವಾಗಿಲ್ಲ. ಅಕ್ಕನಾಗಿ ಹುಟ್ಟಿದ ಮೇಲೆ ಇಷ್ಟಾದರೂ ಹೇಳದಿದ್ದರೆ ನನಗೆ ಪತ್ರ ಶುರುವಾಗುವುದಿಲ್ಲ.

ನಾನು ಚೆನ್ನಾಗಿದ್ದೇನೆ, ಎಡಗಣ್ಣೊಂದನ್ನು ಬಿಟ್ಟು. ಆ ಎಡಗಣ್ಣಿನ ದೆಸೆಯಿಂದಲೇ ಈ ಪತ್ರ. ಫೋನ್ ಮಾಡಬಹುದಿತ್ತು, ಆದರೆ ಅಮ್ಮನ ವಿಷಯ ತೆಗೆದ ತಕ್ಷಣ ನೀನು "ಅಕ್ಕಾ, ಕರೀತಿದ್ದಾರೆ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಕಾಗದವನ್ನಾದರೆ ಮಡಿಸಿ ಚೀಲಕ್ಕೆ ತುರುಕಿದರೂ ಮತ್ತೆ ಬಿಚ್ಚಿಯೇ ಬಿಚ್ಚುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೆ?

ಮೊದಲು ಸುದ್ದಿ. ಅಮ್ಮ ಮೊನ್ನೆಯಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಜ್ವರವಿಲ್ಲ, ನೋವಿಲ್ಲ. ಬಾಯಿ ತೆರೆಯುವುದಿಲ್ಲ, ಅಷ್ಟೆ. ಯಾಕೆಂದರೆ ನೀನು ಬಂದಿಲ್ಲ. ನಿಲ್ಲು, ಇದನ್ನು ಬೈಗುಳ ಅಂದುಕೊಳ್ಳಬೇಡ. ಇದುವರೆಗೆ ನೀನು ದಿನಾ ಬರುತ್ತಿದ್ದೆ. ಮೊನ್ನೆಯಿಂದ ಬರುತ್ತಿಲ್ಲ. ಇದನ್ನು ಬಿಡಿಸಿ ಹೇಳಬೇಕು. (ಒಂದು ನಿಮಿಷ, ಒಳಗೆ ಏನೋ ಬಿದ್ದ ಸದ್ದಾಯಿತು.)

ಏನಿಲ್ಲ, ಬಾಚಣಿಗೆ. ಹಾಸಿಗೆಯಲ್ಲೂ ಬಾಚಣಿಗೆ ಕೈಯಲ್ಲಿರಬೇಕು ಅವಳಿಗೆ.

ಅಮ್ಮ ನನ್ನ ಗುರುತು ಮರೆತದ್ದು ನಿನಗೆ ಗೊತ್ತು. ನಾನು ತಟ್ಟೆ ಹಿಡಿದು ಹೋದರೆ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು "ಯಾರು ನೀವು? ಪಾರ್ಲರ್ ಮುಚ್ಚಿದೆ, ನಾಳೆ ಬನ್ನಿ" ಎನ್ನುತ್ತಿದ್ದಳು. ನಮ್ಮ ಹೋಮ್ ನರ್ಸ್ ಚಮಚದಲ್ಲಿ ಹೇಗೋ ಸರ್ಕಸ್ ಮಾಡಿ ನಾಲ್ಕು ತುತ್ತು ತಿನ್ನಿಸುತ್ತಿದ್ದರು, ಅರ್ಧ ಒಳಗೆ, ಅರ್ಧ ದಿಂಬಿನ ಮೇಲೆ. ಹೀಗಿರುವಾಗ ಒಂದು ದಿನ ಪ್ರೆಸ್ಸಿನಲ್ಲಿ ಎಲ್ಲರ ಫೋಟೋ ತೆಗೆಯುವ ಕಾರ್ಯಕ್ರಮವಿತ್ತು. ಇಷ್ಟು ವರ್ಷ ಬೇರೆಯವರ ಪುಸ್ತಕದ ತಪ್ಪು ತಿದ್ದುತ್ತ ಮೂಲೆಯಲ್ಲಿ ಕೂತ ನನ್ನನ್ನೂ ಎಬ್ಬಿಸಿದರು. ಮುಖಪುಟ ಮಾಡುವ ಹುಡುಗಿ ಇದ್ದಾಳಲ್ಲ, ಅವಳು "ಮೇಡಂ, ಇವತ್ತೊಂದಿನ ಆ ದಪ್ಪ ಗಾಜು ತೆಗೀರಿ, ಕಣ್ಣು ಕಾಣ್ಲಿ" ಎಂದು ಕುರ್ಚಿಗೆ ಒತ್ತಿ ಕೂರಿಸಿ ಐಲೈನರ್ ಎಳೆದು ಮಸ್ಕರಾ ಹಚ್ಚಿಬಿಟ್ಟಳು. ಆಮೇಲೆ ಕನ್ನಡಕ ಹಾಕಿಕೊಳ್ಳಲು ಹೋದರೆ ರೆಪ್ಪೆಗೂದಲು ಗಾಜಿಗೆ ತಾಗಿ ಕಪ್ಪು ಗೀಟು. ಒರೆಸಿದಷ್ಟೂ ಕಪ್ಪು. ಬೇಸತ್ತು ಕನ್ನಡಕವನ್ನು ಚೀಲಕ್ಕೆ ಹಾಕಿ, ಆಟೋದವನ ಬೆನ್ನನ್ನೇ ನಂಬಿ ಮನೆಗೆ ಬಂದೆ.

ಬಂದವಳು ಹಾಗೇ ಅಮ್ಮನ ಕೋಣೆಗೆ ಹೋದೆ. ಅವಳು ತಲೆ ಎತ್ತಿದಳು. "ಬಂದ್ಯಾ ಪಿಳಿ? ಎಷ್ಟೊತ್ತೇ ನಿಂದು!" ಎಂದಳು. ನರ್ಸಮ್ಮ "ಅಯ್ಯೋ ದೇವರೇ" ಎಂದರು. ನಾನು ಏನೂ ಯೋಚಿಸಲಿಲ್ಲ, ತಟ್ಟೆ ಎತ್ತಿಕೊಂಡೆ. ಅಮ್ಮ ಗುಬ್ಬಿಮರಿಯ ಹಾಗೆ ಬಾಯಿ ತೆರೆದಳು. ಪೂರ್ತಿ ತಿಂದಳು, ತಿಂದಾದ ಮೇಲೆ "ಉಪ್ಪು ಕಮ್ಮಿ" ಎಂದಳು. ಎಷ್ಟು ಕಾಲವಾಗಿತ್ತು ಅವಳು ಅಡುಗೆಗೆ ಹೆಸರಿಟ್ಟು!

ನಮ್ಮಿಬ್ಬರ ಕಣ್ಣೂ ಅಮ್ಮನದೇ ಅಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನವು ಗಾಜಿನ ಹಿಂದೆ ಬಟಾಣಿಯಷ್ಟಾಗಿ ಕೂತಿದ್ದವು, ನಿನ್ನವು ಹುಟ್ಟಿದಾಗಿನಿಂದ ಪಿಳಿಪಿಳಿ ಎನ್ನುತ್ತ ಜಗತ್ತಿನ ಮೇಲೆಲ್ಲ ಓಡಾಡಿದವು. ಗಾಜು ತೆಗೆದು ಕಪ್ಪು ಹಚ್ಚಿದರೆ ನಾನು ನೀನೇ. ಹೀಗೆ ಮಾರನೆಯ ದಿನದಿಂದ ನಾನು ಬೆಳಿಗ್ಗೆ ಎದ್ದು ನೀನಾಗತೊಡಗಿದೆ.

ನಗಬೇಡ. ಅಮ್ಮನ ಪಾರ್ಲರಿನ ಅದೇ ಕುರ್ಚಿ, ಅದೇ ಬಲ್ಬುಗಳ ಕನ್ನಡಿ. ಈಗಲೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ಕನ್ನಡಕವಿಲ್ಲದೆ ನನಗೆ ಒಂದು ಗೇಣಿನಾಚೆಗೆ ಎಲ್ಲವೂ ಮಂಜು ಎಂದು ಗೊತ್ತಲ್ಲ, ಹಾಗಾಗಿ ಮೂಗನ್ನು ಕನ್ನಡಿಗೇ ಒತ್ತಿ ಹಚ್ಚಿಕೊಳ್ಳಬೇಕು. ಉಸಿರಿಗೆ ಕನ್ನಡಿ ಮಬ್ಬಾಗುತ್ತದೆ, ಒರೆಸುವಷ್ಟರಲ್ಲಿ ಕೈ ಜಾರಿ ಗೆರೆ ಹುಬ್ಬಿಗೆ ಹೋಗುತ್ತದೆ. ಲೆನ್ಸ್ ಹಾಕು ಎನ್ನಬೇಡ, ನನ್ನ ಒಣ ಕಣ್ಣಿಗೆ ಅದು ಒಗ್ಗುವುದಿಲ್ಲವೆಂದು ಎಂದೋ ತೀರ್ಮಾನವಾಗಿದೆ. ಅಮ್ಮ ಗಿರಾಕಿಗಳಿಗೆ ಹೇಳುತ್ತಿದ್ದುದು ಕಿವಿಯಲ್ಲೇ ಇದೆ: "ಕೆಳಗೆ ನೋಡು. ಉಸಿರು ಬಿಡು. ಸತ್ತವರಿಗೆ ನಾನು ಮೇಕಪ್ ಮಾಡಲ್ಲ." ಮಸ್ಕರಾ ಹಚ್ಚುವಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ನಾನು ಓದಿದ ಕವಿತೆಗಳಲ್ಲಿ ಕಣ್ಣುಗಳು ತಾವರೆಯಾಗಿವೆ, ಮೀನಾಗಿವೆ, ಜಿಂಕೆಯನ್ನು ಕರೆತಂದಿವೆ. ಆ ಕಣ್ಣಿನವಳು ಕನ್ನಡಿಯ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಳು ಎಂದು ಒಬ್ಬರೂ ಬರೆದಿಲ್ಲ.

ನರ್ಸಮ್ಮನಿಗಂತೂ ದಿನಾ ಹಬ್ಬ. "ಏನ್ ಮೇಡಂ, ಇವತ್ತು ಹೀರೋಯಿನ್ನಾ, ವಿಲನ್ನಾ?" ಎಂದು ಬಾಗಿಲಲ್ಲೇ ಶುರು. ಪ್ರೆಸ್ಸಿಗೆ ಹೋಗುವ ಮುಂಚೆ ಎಲ್ಲ ತೊಳೆದು ಕನ್ನಡಕ ಏರಿಸುತ್ತಿದ್ದೆ. ಆದರೂ ಸಣ್ಣ ಅಕ್ಷರ ಓದುತ್ತ ಕಣ್ಣುಜ್ಜಿಕೊಂಡರೆ ಅಡಿಯಲ್ಲಿ ಕಪ್ಪು ಹರಡಿ, ಮ್ಯಾನೇಜರರು ಒಮ್ಮೆ ಮೆತ್ತಗೆ ಬಂದು "ಮನೇಲಿ ಎಲ್ಲ ಕ್ಷೇಮನಾ?" ಎಂದು ಕೇಳಿ ನೀರಿನ ಲೋಟ ಇಟ್ಟು ಹೋದರು.

ನಾನು ಮೊದಲು ಬಳಸಿದ್ದು ಮುಖಪುಟದ ಆ ಹುಡುಗಿ ಕೊಟ್ಟ ಮಸ್ಕರಾ. ಅದು ಮುಗಿದಾಗ ಅಂಗಡಿಗೆ ಹೋದೆ. ಕೌಂಟರಿನ ಹುಡುಗಿ "ದಪ್ಪ ಬೇಕಾ, ಉದ್ದ ಬೇಕಾ, ಕರ್ಲ್ ಬೇಕಾ ಮೇಡಂ?" ಎಂದು ಒಂದೇ ಉಸಿರಿಗೆ ಕೇಳಿದಳು. "ನನ್ನ ತಂಗಿ ಥರ ಬೇಕು" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಳೋರಾದ್ರೆ ವಾಟರ್‌ಪ್ರೂಫ್ ತಗೊಳ್ಳಿ" ಎಂದಳು. ತಗೊಂಡೆ. ಮಾರನೆಯ ಬೆಳಿಗ್ಗೆ ಬಹಳ ಚೆಂದವಾಗಿ ಹಚ್ಚಿಕೊಂಡೆ. ಒಂದೊಂದು ಕೂದಲೂ ಬಿಡಿಬಿಡಿಯಾಗಿ ಎಣಿಸುವಂತೆ ನಿಂತಿತ್ತು. ಅಮ್ಮ ಹತ್ತಿರ ಕರೆದು ಬೆರಳ ತುದಿಯಿಂದ ರೆಪ್ಪೆ ಮುಟ್ಟಿ ನೋಡಿದಳು. "ಇದು ಪಿಳೀದಲ್ಲ" ಎಂದವಳೇ ಗೋಡೆಗೆ ತಿರುಗಿದಳು. ಎಲ್ಲ ಮರೆತವಳು, ಕಸುಬು ಮರೆತಿಲ್ಲ. ನೀನು ಸುತ್ತಿನ ಮೇಲೆ ಸುತ್ತು ಹಚ್ಚಿ ರೆಪ್ಪೆಗೂದಲುಗಳನ್ನು ಅಂಟಿಸಿ ಅಂಟಿಸಿ ಗೊಂಚಲು ಮಾಡುತ್ತಿದ್ದೆ, ಕೆಳಗಿನ ರೆಪ್ಪೆ ಬರಿದೇ ಬಿಡುತ್ತಿದ್ದೆ. "ಕಣ್ಣಾ ಅದು, ಕಂಬಳಿಹುಳನಾ?" ಎಂದು ಅಮ್ಮ ಬೈಯುತ್ತಿದ್ದಳು, ನೆನಪಿದೆಯೆ? ಅವಳಿಗೀಗ ಆ ಕಂಬಳಿಹುಳವೇ ಬೇಕು.

ಹಾಗೆ ನಿನ್ನ ಡ್ರಾಯರಿನಲ್ಲಿ ಬಿದ್ದಿದ್ದ ನಿನ್ನದೇ ಹಳೆಯ ಟ್ಯೂಬು ತೆಗೆದೆ. ಒಣಗಿ ಗಟ್ಟಿಯಾಗಿತ್ತು. ಅಮ್ಮ ಕಲಿಯಲು ಬಂದ ಹುಡುಗಿಯರಿಗೆ ದಿನಾ ಕೂಗುತ್ತಿದ್ದಳಲ್ಲ, "ಸೈಕಲ್ ಪಂಪ್ ಹೊಡ್ದಂಗೆ ಹೊಡೀಬೇಡ್ರೇ, ಗಾಳಿ ಹೋಗಿ ಕೆಡುತ್ತೆ" ಎಂದು. ನಾನು ಪಂಪೂ ಹೊಡೆದೆ, ಎರಡು ತೊಟ್ಟು ನೀರೂ ಬಿಟ್ಟೆ, ಟ್ಯೂಬನ್ನು ಬಿಸಿನೀರಿನ ಲೋಟದಲ್ಲಿಟ್ಟೂ ನೋಡಿದೆ. ಬಂತು. ಗೊಂಚಲು ಗೊಂಚಲಾಗಿ ನಿನ್ನ ಕಣ್ಣೇ ಬಂತು. ಅಮ್ಮ ನಕ್ಕಳು. ಕೈ ಚಾಚಿ, ಕಿರುಬೆರಳ ಅಂಚಿನಿಂದ ನನ್ನ ಕಣ್ಣಿನಡಿ ಉಳಿದಿದ್ದ ಕಪ್ಪನ್ನು ಒರೆಸಿದಳು. ಆಮೇಲೆ ದಿನಾ ಒರೆಸಿದಳು. ಅವಳು ಒರೆಸಲೆಂದೇ ನಾನು ಸ್ವಲ್ಪ ಕಪ್ಪು ಉಳಿಸಿಕೊಂಡು ಹೋಗುತ್ತಿದ್ದೆ. ನನ್ನ ಮುಖವನ್ನು ಅವಳು ಹಿಂದೆಂದಾದರೂ ಹೀಗೆ ಮುಟ್ಟಿದ್ದು ನನಗೆ ನೆನಪಿಲ್ಲ. ಚಿಕ್ಕಂದಿನಲ್ಲಿ ನಾನೂ ನಿನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತರೆ, "ನಿಂಗ್ಯಾಕೆ, ಗಾಜಿನ ಹಿಂದೆ ಏನ್ ಹಚ್ಚಿದ್ರೂ ಒಂದೇ, ಹೋಗಿ ಓದ್ಕೋ" ಎನ್ನುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ನಾನು ಹೋಗಿ ಓದಿಕೊಂಡೆ. ಎಂ.ಎ. ಆಯಿತು.

ಅವಳ ಲೆಕ್ಕದಲ್ಲಿ ನಾನು ಈಗಲೂ ಒಳಕೋಣೆಯಲ್ಲಿ ಓದುತ್ತಲೇ ಇದ್ದೇನೆ. ತುತ್ತು ನುಂಗಿ, ಧ್ವನಿ ತಗ್ಗಿಸಿ, "ಮೆಲ್ಲಗೆ ಮಾತಾಡೇ, ದೊಡ್ಡವಳು ಓದ್ತಿದ್ದಾಳೆ. ಅವಳಿಗೆ ಊಟ ಎತ್ತಿಟ್ಟಿದ್ದೀಯಾ?" ಎನ್ನುತ್ತಾಳೆ. ಎತ್ತಿಟ್ಟಿದ್ದೇನೆ ಎನ್ನುತ್ತೇನೆ. ನಿಜಕ್ಕೂ ಎತ್ತಿಟ್ಟಿರುತ್ತೇನೆ.

ಆದರೆ ಆ ಟ್ಯೂಬು ತನ್ನ ಕೆಲಸ ಮಾಡಿತು. ಎಡಗಣ್ಣು ಮೊದಲು ಕೆಂಪಾಯಿತು, ಆಮೇಲೆ ರೆಪ್ಪೆಯ ಮೇಲೆ ಗುಳ್ಳೆ, ಆಮೇಲೆ ಇಡೀ ರೆಪ್ಪೆ ಊದಿ ಕಣ್ಣೇ ಮುಚ್ಚಿಕೊಂಡಿತು. ಕಣ್ಣಿನ ಡಾಕ್ಟರು ಟ್ಯೂಬನ್ನು ನೋಡಿ ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯನ್ನು ಹಿಡಿದಂತೆ ಹಿಡಿದು ಕಸದ ಬುಟ್ಟಿಗೆ ಹಾಕಿದರು. "ಪೂರ್ತಿ ವಾಸಿಯಾಗೋವರೆಗೂ ಕಾಡಿಗೆ, ಮಸ್ಕರಾ, ಏನೂ ಮುಟ್ಟಬೇಡಿ. ಕಣ್ಣು ಬೇಕೋ ಬೇಡ್ವೋ?" ಎಂದರು. ನಾನು ಬಗ್ಗಿ ಆ ಟ್ಯೂಬು ಬುಟ್ಟಿಯಲ್ಲಿ ಎಲ್ಲಿ ಬಿತ್ತೆಂದು ಹುಡುಕಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ಮೊನ್ನೆಯಿಂದ ಕಪ್ಪಿಲ್ಲದ ಬರಿಗಣ್ಣಲ್ಲಿ ಹೋಗುತ್ತಿದ್ದೇನೆ. ಹೊದಿಕೆ ಮತ್ತೆ ಮೂಗಿನವರೆಗೆ ಏರಿದೆ. ನಿನ್ನೆ ನರ್ಸಮ್ಮ ತಾವೇ ಸಾಹಸ ಮಾಡಿ ಕಣ್ಣಿಗೆ ದಪ್ಪಗೆ ಕಾಡಿಗೆ ಬಳಿದುಕೊಂಡು, ಸೊಂಟಕ್ಕೆ ಕೈಯಿಟ್ಟು "ಅಮ್ಮಾ, ನಾನು ಪಿಳಿ ಬಂದೆ!" ಎಂದರು. ಅಮ್ಮ ಬಹಳ ಮರ್ಯಾದೆಯಿಂದ "ಕೂತ್ಕೊಳ್ಳಿ, ನಿಮ್ಮ ಸರದಿ ಬಂದಾಗ ಕರೀತೀನಿ. ಹುಬ್ಬು ತುಂಬಾ ಬೆಳೆದಿದೆ ನಿಮ್ದು" ಎಂದಳು. ನರ್ಸಮ್ಮ ಅಡುಗೆಮನೆಗೆ ಬಂದು ನಕ್ಕು ನಕ್ಕು, ಕೊನೆಗೆ ಕಾಡಿಗೆ ಕರಗುವಂತೆ ಅತ್ತರು. ನಿನ್ನ ಫೋಟೋ ತೋರಿಸಿದೆ, ಫೋನಿನಲ್ಲಿ ಉಳಿದಿದ್ದ ನಿನ್ನ ಹಳೆಯ ಮೆಸೇಜಿನ ಧ್ವನಿ ಕೇಳಿಸಿದೆ. ಅವಳಿಗೆ ಕಣ್ಣು ಬೇಕು, ಎದುರಿಗೆ. ಎರಡು ಗುಟುಕು ಹಾಲು ಕುಡಿದಿದ್ದಾಳೆ. ನಾನು ಬರೆಯುತ್ತ ಕೂರಲಾರೆ, ಎದ್ದು ಹೋಗುತ್ತೇನೆ, ಬಾಗಿಲ ಸಂದಿಯಲ್ಲಿ ನೋಡುತ್ತೇನೆ, ಬಂದು ಅರ್ಧ ವಾಕ್ಯ ಬರೆಯುತ್ತೇನೆ. ಈ ಪುಟದ ಅಂದಗೆಡಲು ಅದೇ ಕಾರಣ. ನಿನ್ನೆ ಸಂಜೆ ಡಾಕ್ಟರ ಮಾತು ಮೀರಿ ಬಲಗಣ್ಣಿಗೆ ಮಾತ್ರ ಹಚ್ಚಿಕೊಂಡರೆ ಹೇಗೆ ಎಂದು ಅಂಗಡಿಯಿಂದ ತಂದ ಆ ಹೊಸ ಟ್ಯೂಬಿನ ಮುಚ್ಚಳ ತಿರುಗಿಸುತ್ತ, ಮುಚ್ಚುತ್ತ ಇದೇ ಕುರ್ಚಿಯಲ್ಲಿ ಕೂತಿದ್ದೆ. ಒಂದು ಕಣ್ಣು ನೀನು, ಒಂದು ಕಣ್ಣು ನಾನು. ಅವಳು ಯಾರಿಗೆಂದು ಬಾಯಿ ತೆರೆದಾಳು!

ನಿನ್ನ ತಂಡದ ಯಜಮಾನರಿಗೆ ಹೇಳು, ನಾಲ್ಕು ದಿನ ರಜೆ ಕೇಳು. ರಾಜ ರಾಣಿಯರು ನಾಲ್ಕು ದಿನ ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳಲಿ. ಈ ಕಾಗದ ಕೈಗೆ ಸಿಕ್ಕ ದಿನವೇ ಹೊರಡು.

ಹುಷಾರು. ಕೆಮ್ಮಿಗೆ ಔಷಧಿ ತಗೊಂಡು ಬಸ್ಸು ಹತ್ತು. ನರ್ಸಮ್ಮ ನಿನ್ನನ್ನು ಕೇಳಿದ್ದಾರೆ, ಬಂದಾಗ ಅವರ ಹುಬ್ಬು ತೀಡಬೇಕಂತೆ. ಅಮ್ಮನ ಕೈ ನಿನ್ನ ತಲೆಯ ಮೇಲಿದೆ, ಅವಳ ಪರವಾಗಿ ನಾನು ಇಡುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಅಂಚೆಯ ಡಬ್ಬಕ್ಕೆ ಹಾಕಲು ನರ್ಸಮ್ಮ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. "ಅವಳು ನನ್ನ ಗುರುತು ಹಿಡೀದಿದ್ರೆ ಅಕ್ಕಾ? ಅಮ್ಮನ್ನ ಹಾಗೆ ನೋಡೋಕಾಗಲ್ಲ ನಂಗೆ" ಎಂದು ಹಿಂದೊಮ್ಮೆ ಹೇಳಿದ್ದೆಯಲ್ಲ, ನೀನು ನೋಡಬೇಡ. ಅವಳೇ ಹೇಳುತ್ತಿದ್ದ ಹಾಗೆ ಕೆಳಗೆ ನೋಡು, ಉಸಿರು ಬಿಡು, ಚಮಚ ಹಿಡಿ, ಸಾಕು. ನೋಡುವುದು ನನಗಿರಲಿ. ಇಷ್ಟು ದಿನ ಅವಳು ನನ್ನನ್ನು ನೀನೆಂದು ನೋಡಿ ನಕ್ಕಾಗೆಲ್ಲ ನನ್ನ ಕನ್ನಡಕ ಡ್ರಾಯರಿನಲ್ಲಿತ್ತು, ಪಿಳಿ. ಚಮಚದಾಚೆ ನನಗೆ ಕಂಡದ್ದು ಬರೀ ಮಂಜು. ನಕ್ಕಳು ಎಂದು ಮೇಲೆ ಬರೆದೆನಲ್ಲ, ಅದು ನರ್ಸಮ್ಮ ಹೇಳಿದ್ದು. ನೀನು ಅವಳೆದುರು ಕೂತುಕೋ. ನಾನು ಗಾಜು ಚೆನ್ನಾಗಿ ಒರೆಸಿ ಹಾಕಿಕೊಂಡು ನಿನ್ನ ಹೆಗಲ ಹಿಂದೆ ನಿಲ್ಲುತ್ತೇನೆ. ಆ ಮುಖ ನನಗೆ ಒಂದು ಸಲ ಕಾಣಬೇಕು.