ಆಫೀಸಿಗೆ ಹೋಗಬೇಕಾದ ರಷ್ಯಾ ಸಲಾಡು

ರೀ,

ಅಮ್ಮನ್ನ ನೋಡೋಕೆ ಸಮೇತನಹಳ್ಳಿಗೆ ಹೊರಟೆ, ಸಂಜೆ ಬಸ್ಸಿಗೆ ಬರ್ತೀನಿ. ಆಫೀಸಿನವರಿಗೆಲ್ಲ ರಷ್ಯಾ ಸಲಾಡು ತರ್ತೀನಿ ಅಂತ ಕೊಚ್ಚಿಕೊಂಡು ಬಂದಿದೀರಲ್ಲ, ನೀವೇ ಕಲಸ್ಕೊಂಡು ಹೋಗಿ.

ಹೆಚ್ಚಿದ ಸೌತೆಕಾಯಿ, ತುರಿದ ಕ್ಯಾರೆಟ್ಟು ಬಟ್ಟಲಲ್ಲಿದೆ. ಪಕ್ಕದಲ್ಲಿ ನೆನೆಸಿದ ಹೆಸರುಬೇಳೆ, ಒಗ್ಗರಣೆ, ಅರ್ಧ ನಿಂಬೆಹಣ್ಣು. ಉಪ್ಪಿನ ಪೊಟ್ಟಣ ಬೇರೆ ಕಟ್ಟಿದೀನಿ, ಊಟಕ್ಕೆ ಕೂತಾಗಲೇ ಹಾಕಿ. ಈಗಲೇ ಹಾಕಿದ್ರೆ ನೀರು ಬಿಟ್ಕೊಂಡು ಡಬ್ಬಿಯೆಲ್ಲಾ ಕೆರೆ ಆಗುತ್ತೆ.

ಹೂಂ, ಕೋಸಂಬರೀನೇ. ಮದುವೆಯಾದಾಗಿಂದ ದನದ ಮೇವು ಅಂತ ಎಲೆ ತುದಿಗೆ ತಳ್ತಿದ್ರಲ್ಲ, ಅದೇ. ರಷ್ಯಾದ್ದು ಅಂದಿದ್ದಕ್ಕೆ ಮೂರು ಸಲ ಬಡಿಸ್ಕೊಂಡ್ರಿ. ಯಾರಾದ್ರೂ ಸಾಸಿವೆ ತೋರಿಸಿ ಕೇಳಿದ್ರೆ, ಅಲ್ಲೂ ಬೆಳೆಯುತ್ತೆ ಅನ್ನಿ.

ಬರುವಾಗ ಅರ್ಧ ಕೇಜಿ ಹಾಗಲಕಾಯಿ ತನ್ನಿ. ನಾಳೆ ಜಪಾನಿಂದು ಮಾಡ್ತೀನಿ.

ಸೊಣ್ಣಮ್ಮ