ಎದೆಮಟ್ಟದ ನೀರು

ಬುಕ್ಕಾಂಬುಧಿ
೧೨ ನವೆಂಬರ್ ೨೦೨೪

ನಮ್ಮ ಮನೆಯ ಮೇಷ್ಟ್ರಿಗೆ ಸಾವಿತ್ರಿಯ ಶರಣು.

ನೀವು ಮುನಿಸಿಕೊಂಡು ಕಡೂರಿನ ನಿಮ್ಮ ಅಕ್ಕನ ಮನೆ ಸೇರಿ ಇಪ್ಪತ್ತೆರಡು ದಿನವಾಯಿತು. ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. 

ಇವತ್ತು ಬೆಳಿಗ್ಗೆ ನಾನು ಕೆರೆಗೆ ಇಳಿದೆ. ಹೌದು, ನಾನೇ. ಯಾರಾದರೂ ಜೊತೆಗಿದ್ದರೆ ಎದೆಮಟ್ಟದ ನೀರಿನಲ್ಲಿ ನಡೆದು ನೋಡಿ ಎಂದು ತರೀಕೆರೆಯ ಡಾಕ್ಟರು ನನ್ನ ಮಂಡಿ ನೋಡಿ ಹೇಳಿದ್ದರು. ಪಕ್ಕದ ಮನೆಯ ಹಾಲಮ್ಮನಿಗೆ ಈಜು ಬರುತ್ತದಲ್ಲ, ಅವಳೇ ಕೈ ಹಿಡಿದುಕೊಂಡಳು. ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ಕೋಲು ಇಟ್ಟು ಒಂದೊಂದೇ ಹೆಜ್ಜೆ ಇಳಿದೆ. ಮಂಡಿ ಮುಳುಗಿತು, ಸೊಂಟ ಮುಳುಗಿತು. ನೀರು ಎದೆಗೆ ಬಂದಾಗ ಹಾಲಮ್ಮ, "ನೆಟ್ಗೆ ನಿಂತಿದೀಯ ಕಣಕ್ಕ" ಎಂದಳು.

ನಾಲ್ಕು ವರ್ಷದಿಂದ ಬಗ್ಗಿ ನಡೆದವಳು ನೆಟ್ಟಗೆ ನಿಂತಿದ್ದೆ. ನೋವಿಲ್ಲ. ಹತ್ತು ಹೆಜ್ಜೆ ನಡೆದೆ, ಮತ್ತೆ ಇಪ್ಪತ್ತು. ಅವಳು ಸಾಕು ಬಾ ಎಂದರೂ ಕೇಳಲಿಲ್ಲ.

ಆಗ ನಿಮ್ಮ ಮಾತು ನೆನಪಾಯಿತು. ಲಕ್ಷಾಂತರ ವರ್ಷದ ಹಿಂದೆ ನಮ್ಮ ಪೂರ್ವಜರು ತಿನ್ನುವುದನ್ನು ಹುಡುಕಿ ನೀರಿಗಿಳಿದರು, ತಲೆ ಮುಳುಗದ ಹಾಗೆ ಎರಡು ಕಾಲ ಮೇಲೆ ಎದ್ದು ನಿಂತರು, ಹಾಗೆ ನಿಂತವರೇ ಮನುಷ್ಯರಾದರು ಎನ್ನುತ್ತಿದ್ದಿರಿ. ಹಿರೇನಲ್ಲೂರಿನ ಗೃಹಪ್ರವೇಶದಲ್ಲೂ ಅದನ್ನೇ ವಿವರಿಸುತ್ತಿದ್ದಿರಿ. ನಾನು ಬಡಿಸುತ್ತಾ, "ಹಂಗಾದ್ರೆ ದಿನಾ ಕೆರೇಲಿ ಬಿದ್ದಿರೋ ಎಮ್ಮೆ ಯಾಕ್ರೀ ಇನ್ನೂ ಎದ್ದು ನಿಂತಿಲ್ಲ?" ಎಂದುಬಿಟ್ಟೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನೀವು ಅರ್ಧ ಊಟಕ್ಕೇ ಎದ್ದಿರಿ. ತಪ್ಪು ನನ್ನದು.

ಕೆರೆಯಿಂದ ಬಂದವಳೇ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಸತೀಶನಿಗೆ ಫೋನ್ ಮಾಡಿ ನಿಮ್ಮ ಮಾತು ನಿಜವೇ ಎಂದು ಕೇಳಿದೆ. ವಿಜ್ಞಾನಿಗಳು ಒಪ್ಪಿಲ್ಲವಂತೆ, ಸಿಕ್ಕಿರುವ ಮೂಳೆಗಳು ಆ ಮಾತಿಗೆ ಸಾಕ್ಷಿ ಹೇಳುವುದಿಲ್ಲವಂತೆ. "ನೀರಲ್ಲಿ ಮೈಭಾರ ಕಮ್ಮಿ ಆಗುತ್ತೆ ದೊಡ್ಡಮ್ಮ, ಅಷ್ಟೇ" ಎಂದ. ಇರಲಿ. ನನ್ನೊಬ್ಬಳ ಮಂಡಿಯಿಂದ ಯಾವುದೂ ರುಜುವಾತಾಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ನೀರಿನಲ್ಲಿ ಮೊದಲು ಎದ್ದು ನಿಂತವಳು ಯಾರಾದರೂ ಇದ್ದಿದ್ದರೆ ಅವಳಿಗೆ ಹೇಗಾಗಿರಬಹುದು ಎಂದು ನಿಮ್ಮನ್ನು ಕೇಳಬೇಕು ಅನಿಸಿದೆ. ಎಷ್ಟು ಹೊತ್ತು ಹೇಳಿದರೂ ಕೇಳುತ್ತೇನೆ. ಬನ್ನಿ.

ನಿಮ್ಮ
ಸಾವಿತ್ರಿ

ವಿ.ಸೂ.: ಈ ಕೊನೆಯ ಸಾಲುಗಳನ್ನು ಅಜ್ಜಂಪುರದ ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಹೋದ ವರ್ಷ ನೀವು ಇದೇ ವಿಷಯದ ಮೇಲೆ ಪತ್ರಿಕೆಗೆಂದು ಬರೆದ ಲೇಖನವನ್ನು ನಾನು ಅಂಚೆಗೆ ಹಾಕಿರಲೇ ಇಲ್ಲ. ಜನ ನಗುತ್ತಾರೆಂದು ಸೀರೆಗಳ ಕೆಳಗೆ ಇಟ್ಟಿದ್ದೆ. ನೀವು ತಿಂಗಳುಗಟ್ಟಲೆ ಉತ್ತರಕ್ಕಾಗಿ ಕಾದಿರಿ, ನಾನು ಸುಮ್ಮನಿದ್ದೆ. ಈಗಷ್ಟೇ ಕಳಿಸಿದೆ. ರಸೀದಿ ಇದರ ಜೊತೆಗಿದೆ.