ಕೈ ಹಿಡಿದರೆ ಹಾಡುವ ಪೆಟ್ಟಿಗೆ

ಸಿರುಗುಪ್ಪ, 6 ಜನವರಿ 1981, ಸಂಜೆ

ಇವತ್ತೂ ಅಡುಗೆ ಮುಗಿಸಿ ಮನೆ ಮುಂದಿನ ನಮ್ಮ ರೇಡಿಯೊ ಅಂಗಡಿಗೆ ಓಡಿದೆ. ಸೋಲ್ಡರಿಂಗ್ ಮಾಡಲು ಹೋಗಿ ಬೆರಳು ಸುಟ್ಟುಕೊಂಡೆ. ಆದರೂ ಲವ್ಲಿ, ಲವ್ಲಿ ದಿನ. ಪೆಟ್ಟಿಗೆ ಹಾಡಿತು. ಬಿ.ಎಸ್ಸಿ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೀಚಿದ್ದ ನನ್ನ ಐಡಿಯಾ... ಎರಡು ತಾಮ್ರದ ತಟ್ಟೆ, ಒಂದು ಸ್ಪೀಕರ್. ಈ ತುದಿಯವರು ಒಂದು ತಟ್ಟೆ ಮುಟ್ಟಬೇಕು, ಆ ತುದಿಯವರು ಇನ್ನೊಂದು. ನಡುವಿನವರೆಲ್ಲ ಕೈ ಕೈ ಹಿಡಿದರೆ ಮಾತ್ರ ಸ್ವರ. ಬಿಗಿ ಹಿಡಿದರೆ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ.

ಕಟ್ಟಿದ್ದು ಎರ್ರಿಸ್ವಾಮಿ — ಗಂಡನ ಹೆಸರನ್ನು ಡೈರಿಯಲ್ಲಿ ಬರೆದರೆ ಅತ್ತೆಗೆ ಕೇಳಿಸದು — ಮತ್ತು ಅಂಗಡಿಯ ದುರುಗಣ್ಣ. ರೇಡಿಯೊ ರಿಪೇರಿಯಲ್ಲಿ ದುರುಗಣ್ಣನ ಕೈ ಎರ್ರಿಗಿಂತ ಚುರುಕು.

ಅತ್ತೆ ಒಳಗಿನಿಂದ, "ಏನವ್ವಾ ಅದು, ಬೆಕ್ಕಿನ ಬಾಲ ತುಳಿದ್ರೇನು?"

ಮದುವೆಯಾಗಿ ಐದು ವಾರ. ಗಾಡ್, ಇಷ್ಟೊಂದು ಖುಷಿಯನ್ನು ಎಲ್ಲಿಡಲಿ.

ಕುರುಗೋಡು, 25 ಜನವರಿ, ಸಂಜೆ 5

ಒತ್ತಿ ಬರೆದು ಹಾಳೆ ಹರಿದೆ. ಸಿಟ್ಟಿಗೆ.

ಶಾಲೆಯಲ್ಲಿ ಪೆಟ್ಟಿಗೆಯ ಪ್ರದರ್ಶನ. ಎರ್ರಿಯ ಸೋದರಮಾವ ಉಜ್ಜಿನಪ್ಪನವರೇ ಅಧ್ಯಕ್ಷರು. ತಟ್ಟೆಯ ಹತ್ತಿರ ದುರುಗಣ್ಣ ನಿಂತ. ಅವನ ಪಕ್ಕಕ್ಕೆ ಒಬ್ಬರೂ ಬರಲಿಲ್ಲ. ಮಾವ ನಗುತ್ತಲೇ ಅಂದರು, "ಅವ ಹರಿಜನ ಕೇರಿಯವ, ಯವ್ವಾ. ಅವನ ಕೈ ಹಿಡಿಯಾಕ ಇಲ್ಲಿ ಯಾರು ಬರ್ತಾರ? ಬ್ಯಾರೆ ಯಾರನ್ನಾರ ನಿಂದ್ರಸು."

"ಮಾಡಿದಾವನ ಅವ, ಮಾವ."

"ಚಪ್ಪಲಿ ಮಾಡಿದಾವನ್ನ ಹೊತ್ಕೊಂಡು ತಿರುಗ್ತೀವೇನು?"

ಹೆಡ್‌ಮೇಡಂ ಕಾಫಿಗೆ ಕರೆದರು. ಹತ್ತೇ ನಿಮಿಷ. ವಾಪಸ್ ಬಂದರೆ ಪೆಟ್ಟಿಗೆ ಹಾಡುತ್ತಿದೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಸಾಲಿನಲ್ಲಿ ದುರುಗಣ್ಣ, ಪಕ್ಕದಲ್ಲಿ ಮಾವ — ನಡುವೆ ಒಂದು ಮೊಳ ವೈರು. ಎರಡು ತುದಿಗೂ ಹಿತ್ತಾಳೆಯ ಹಿಡಿ. ಒಂದು ಇವನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ.

ಎರ್ರಿಗೆ ಹೆಮ್ಮೆ ಬೇರೆ. "ಸರ್ಕ್ಯೂಟ್‌ಗೆ ಏನು ಗೊತ್ತಾಗತೈತಿ? ಸ್ವರ ಇನ್ನೂ ಛಲೋ ಬರಾಕತ್ತೈತಿ."

ನಿಜ. ಛಲೋ ಬರುತ್ತಿತ್ತು. ಅದಕ್ಕೇ ಮೈ ಉರಿದುಹೋಯಿತು. ಬ್ಯಾಟರಿ ಕಿತ್ತೆ.

ಸಿರುಗುಪ್ಪ, 28 ಜನವರಿ

ಮೂರು ದಿನ ಮಾತಿಲ್ಲ. ಇವತ್ತು ಎರ್ರಿಯೇ ಶುರುಮಾಡಿದ. "ನೀ ಕಾನ್ವೆಂಟ್‌ನಾಗ ಓದೀದಿ. ನಾ ಈ ಊರಾಗ ಅಂಗಡಿ ನಡಸ್ಬೇಕು." ಹೇಡಿ ಅಂದೆ, ಮುಖಕ್ಕೇ. ಊಟ ಬಿಟ್ಟು ಎದ್ದುಹೋದ. ಹೋಗಲಿ.

ಸಾರಿ ಹೇಳಲು ದುರುಗಣ್ಣನ ಹತ್ತಿರ ಹೋದೆ. ತಲೆ ಎತ್ತಲಿಲ್ಲ.

"ಆ ವೈರು ಕಟ್ಟಿದಾವ ನಾನರೀ, ಅಕ್ಕಾರ. ನಾ ಮಾಡಿದ್ದನ್ನ ಹೊರಗ ನಿಂತು ನೋಡಾಕ ಆಗಲಿಲ್ಲ. ನೀವು ಅದನ್ನೂ ಕಿತ್ತಿರಿ."

"ನಿನ್ನ ಸಲುವಾಗಿನ ಕಿತ್ತೆ, ದುರುಗಣ್ಣ."

"ನನ್ನ ಸಲುವಾಗಿ ಅಂದ್ರ ಬಂದು ಕೈ ಹಿಡೀಬೇಕಿತ್ತು. ಬ್ಯಾಟರಿ ಯಾರು ಬೇಕಾದ್ರೂ ಕೀಳ್ತಾರ."

ಮಾವನ ಮೇಲೆ ಸಿಟ್ಟು. ಎರ್ರಿ ಮೇಲೆ ಸಿಟ್ಟು. ಇಷ್ಟು ಸರಿಯಾಗಿ ಹೇಳಿದ ದುರುಗಣ್ಣನ ಮೇಲೂ. ಆದರೆ ನನ್ನ ಮೇಲೆ... ಕೈ ಹಿಡಿಯುವುದು ಹೊಳೆಯಲೇ ಇಲ್ಲ ನನಗೆ. ಐಡಿಯಾ ನನ್ನದಂತೆ. ನಾನ್ಸೆನ್ಸ್.

ಬಳ್ಳಾರಿ, 8 ಫೆಬ್ರುವರಿ, ಮಧ್ಯಾಹ್ನ 3.40

ಅಪ್ಪನ ಕ್ಲಬ್ಬಿನ ಹಾಲ್. ಇಲ್ಲೂ ಪೆಟ್ಟಿಗೆಯ ಪ್ರದರ್ಶನ, ನಾಲ್ಕಕ್ಕೆ ಶುರು. ಮಾವನೂ ಬಂದಿದ್ದಾರೆ, ಮುಂದಿನ ಸಾಲಿನಲ್ಲೇ. ಪರದೆಯ ಹಿಂದೆ ಕುಳಿತು ಬರೆಯುತ್ತಿದ್ದೇನೆ.

ದುರುಗಣ್ಣನಿಗೆ ಹೇಳಿದೆ, ನಿನ್ನ ಪಕ್ಕ ನಾನು. "ಎಲ್ಲಾರೂ ನೋಡ್ತಾರ್ರಿ," ಅಂದ. ನೋಡಲಿ. ಅದಕ್ಕೇ ತಾನೆ ಕರೆದಿರುವುದು.

ಎರ್ರಿಗೂ ಹೇಳಿದೆ, ನನ್ನ ಈಚೆ ಪಕ್ಕ ನೀವು. ಪೆಟ್ಟಿಗೆಯ ಬ್ಯಾಟರಿ ಒತ್ತಿ ನೋಡುತ್ತ ನಿಂತ. ಅವನ ಜೇಬಿನಿಂದ ಆ ವೈರಿನ ಹಿತ್ತಾಳೆಯ ಹಿಡಿ ಇಣುಕುತ್ತಿದೆ. ಯಾರಿಗೆ ತಂದಿದ್ದೀರಿ ಅಂತ ಕೇಳಲು ಬಾಯಿ ಬರಲಿಲ್ಲ.

ಕರೆಯುತ್ತಿದ್ದಾರೆ. ದುರುಗಣ್ಣನ ಕೈ ಹಿಡಿದ ಮೇಲೆ ನನ್ನ ಇನ್ನೊಂದು ಕೈಗೆ ಎರ್ರಿ ತನ್ನ ಕೈ ಕೊಡುತ್ತಾನೋ, ಇಲ್ಲ ಆ ಹಿತ್ತಾಳೆಯ—